ವೀಸಾ ಬೇಡದ ದ್ವೀಪಕ್ಕೆ ಬೇಕಾಗುವ ಕಾಗದಗಳು: ಟ್ರಿನಿಡಾಡ್ ಕುರಿತ ಓದುಗರ ಪ್ರಶ್ನೆಗಳು

ಹಿಂದಿನ ಸಂಚಿಕೆಯಲ್ಲಿ, ಭಾರತದ ಪಾಸ್‌ಪೋರ್ಟ್ ಉಳ್ಳವರು ಮುಂಗಡ ವೀಸಾ ಇಲ್ಲದೆ ಹೋಗಬಹುದಾದ ಜಾಗಗಳಲ್ಲಿ ಕೆರಿಬಿಯನ್ ಸಮುದ್ರದ ಟ್ರಿನಿಡಾಡ್ ದ್ವೀಪವೂ ಒಂದು ಎಂದು ಈ ಅಂಕಣದಲ್ಲಿ ಒಂದೇ ಒಂದು ಸಾಲು ಬರೆದಿದ್ದೆ. ಆ ಸಾಲನ್ನು ಹಿಡಿದುಕೊಂಡು ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಓದುಗರು ಹಲವು ಪತ್ರಗಳನ್ನು ಬರೆದಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ, ಈ ಸಲದ ಅಂಕಣವನ್ನು ಪೂರ್ತಿಯಾಗಿ ಆ ದ್ವೀಪಕ್ಕೇ ಬಿಟ್ಟಿದ್ದೇನೆ.

ಪ್ರಶ್ನೆ: ನಮ್ಮ ಮಗ ಟ್ರಿನಿಡಾಡಿನ ಪಾಯಿಂಟ್ ಲಿಸಾಸ್ ಕೈಗಾರಿಕಾ ಪ್ರದೇಶದಲ್ಲಿ ಕೆಲಸಕ್ಕಿದ್ದಾನೆ. ನಾನೂ ನನ್ನ ಪತ್ನಿಯೂ ಅರವತ್ತು ದಾಟಿದವರು. ಒಂದು ತಿಂಗಳ ಮಟ್ಟಿಗೆ ಹೋಗಿಬರಬೇಕೆಂದಿದ್ದೇವೆ. ವೀಸಾ ಬೇಡ, ಪಾಸ್‌ಪೋರ್ಟು ಟಿಕೆಟ್ಟು ಎರಡಿದ್ದರೆ ಸಾಕು ಎಂದು ಟಿಕೆಟ್ ಮಾಡಿಸಿಕೊಡುವವರು ಹೇಳುತ್ತಾರೆ. ನಂಬಬಹುದೇ? (ನಿವೃತ್ತ ಶಿಕ್ಷಕರು, ಹರಿಹರ)

ಉತ್ತರ: ಅವರು ಹೇಳಿದ್ದು ಸುಳ್ಳಲ್ಲ, ಆದರೆ ಅರ್ಧ ಮಾತ್ರ ಹೇಳಿದ್ದಾರೆ. ಪ್ರವಾಸಕ್ಕೋ ಬಂಧುಗಳನ್ನು ನೋಡುವುದಕ್ಕೋ ಹೋಗುವ ಭಾರತೀಯರು ಟ್ರಿನಿಡಾಡ್ ಮತ್ತು ಟೊಬೇಗೊ ದೇಶದಲ್ಲಿ 90 ದಿನಗಳವರೆಗೆ ವೀಸಾ ಇಲ್ಲದೆ ಇರಬಹುದು. ಪೋರ್ಟ್ ಆಫ್ ಸ್ಪೇನ್ ನಗರದ ಸಮೀಪದ ಪಿಯಾರ್ಕೊ ವಿಮಾನ ನಿಲ್ದಾಣದಲ್ಲಿ ಅಧಿಕಾರಿಗಳು ಹಿಂದಿರುಗುವ ಟಿಕೆಟ್, ಉಳಿದುಕೊಳ್ಳುವ ಮನೆಯ ಪೂರ್ಣ ವಿಳಾಸ ಮತ್ತು ಖರ್ಚಿಗೆ ಹಣವಿದೆ ಎನ್ನುವುದಕ್ಕೆ ಆಧಾರ ಕೇಳಬಹುದು. ಮಗನಿಂದ ಒಂದು ಆಹ್ವಾನ ಪತ್ರ ಬರೆಸಿ, ಅವರ ಕೆಲಸದ ಪರವಾನಗಿಯ ನಕಲನ್ನು ಅದರ ಜೊತೆಗೆ ಇಟ್ಟುಕೊಂಡರೆ ಅಲ್ಲಿ ಮಾತು ಬೇಗ ಮುಗಿಯುತ್ತದೆ. ಪಾಸ್‌ಪೋರ್ಟಿನ ಅವಧಿ ಇನ್ನೂ ಆರು ತಿಂಗಳಾದರೂ ಉಳಿದಿರಲಿ.

ತೊಡಕು ಇರುವುದು ಆ ದೇಶದ ಬಾಗಿಲಲ್ಲಿ ಅಲ್ಲ, ನಡುದಾರಿಯಲ್ಲಿ. ಭಾರತದಿಂದ ಟ್ರಿನಿಡಾಡಿಗೆ ನೇರ ವಿಮಾನವಿಲ್ಲ. ಲಂಡನ್, ಆಮ್‌ಸ್ಟರ್‌ಡ್ಯಾಮ್, ನ್ಯೂಯಾರ್ಕ್, ಮಯಾಮಿ, ಟೊರಾಂಟೊ ಇಂಥ ಯಾವುದಾದರೂ ಊರಿನಲ್ಲಿ ಇಳಿದು ಬೇರೆ ವಿಮಾನ ಹತ್ತಲೇಬೇಕು. ಅಮೆರಿಕದಲ್ಲಿ ವಿಮಾನ ಬದಲಿಸುವವರು ನಿಲ್ದಾಣದ ಹೊರಗೆ ಕಾಲಿಡದಿದ್ದರೂ ವಲಸೆ ತಪಾಸಣೆಯನ್ನು ದಾಟಿಯೇ ಮುಂದೆ ಹೋಗಬೇಕಾದ್ದರಿಂದ ಎರಡು ಗಂಟೆಯ ನಿಲುಗಡೆಗೂ ಅಮೆರಿಕದ ವೀಸಾ ಬೇಕು. ಲಂಡನ್ನಿನಲ್ಲಿ ವಿಮಾನ ಬದಲಿಸುವ ಭಾರತೀಯರಿಗೂ ಟ್ರಾನ್ಸಿಟ್ ವೀಸಾ ಬೇಕು. ಬೇರೆ ಕೆಲವು ದೇಶಗಳ ಚಾಲ್ತಿ ವೀಸಾ ಇದ್ದವರಿಗೆ ವಿನಾಯಿತಿ ಇದೆ. ಕೆನಡಾದ ದಾರಿಗೂ ಮೊದಲೇ ಅನುಮತಿ ಪಡೆಯಬೇಕು. ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ನಿಲ್ದಾಣದಲ್ಲಿ ನನ್ನ ಮುಂದಿನ ಸಾಲಿನಲ್ಲಿಯೇ ನಮ್ಮ ಕಡೆಯ ಒಂದು ಕುಟುಂಬ, ನ್ಯೂಯಾರ್ಕ್ ಮಾರ್ಗದ ಟಿಕೆಟ್ ಹಿಡಿದುಕೊಂಡು, "ನಾವು ಇಳಿಯುವುದು ಅಮೆರಿಕದಲ್ಲಲ್ಲ ಸ್ವಾಮಿ" ಎಂದು ಕೌಂಟರಿನಲ್ಲಿ ಅರ್ಧ ಗಂಟೆ ವಾದಿಸಿ, ಕೊನೆಗೆ ಕಟ್ಟಿದ ಚಕ್ಕುಲಿ ಡಬ್ಬಿಗಳ ಸಮೇತ ಹಿಂದಿರುಗಿತು. ಟಿಕೆಟ್ ಮಾಡಿಸಿಕೊಟ್ಟವರು ಹೇಳಬೇಕಾಗಿದ್ದ ಒಂದು ಮಾತನ್ನು ಹೇಳಿರಲಿಲ್ಲ. ಆದ್ದರಿಂದ ದುಡ್ಡು ಕಟ್ಟುವ ಮುನ್ನ "ಎಲ್ಲಿ ಇಳಿಸುತ್ತೀರಿ, ಅಲ್ಲಿ ಇಳಿಯಲು ನನ್ನ ಪಾಸ್‌ಪೋರ್ಟಿಗೆ ಏನು ಬೇಕು" ಎಂದು ಕೇಳಿ, ಉತ್ತರವನ್ನು ಆಯಾ ದೇಶದ ಸರ್ಕಾರಿ ಜಾಲತಾಣದಲ್ಲಿ ನೀವೇ ಒಮ್ಮೆ ನೋಡಿ ಖಚಿತ ಮಾಡಿಕೊಳ್ಳಿ. ಇಡೀ ಪ್ರಯಾಣ ಒಂದೇ ಟಿಕೆಟ್ಟಿನಲ್ಲಿರಲಿ. ಎರಡು ಬೇರೆ ಟಿಕೆಟ್ ತೆಗೆಸಿದರೆ ನಡುವೆ ಪೆಟ್ಟಿಗೆ ಬಿಡಿಸಿಕೊಳ್ಳಲು ಹೊರಗೆ ಬರಬೇಕಾಗಿ, ಆ ದೇಶದ ಪೂರ್ಣ ವೀಸಾವನ್ನೇ ಕೇಳುವ ಸಂದರ್ಭ ಬರುತ್ತದೆ.

ಇನ್ನೊಂದು ಕಾಗದ ಬೇಕಾಗುವುದು ಹೋಗುವಾಗ ಅಲ್ಲ, ಬರುವಾಗ. ಹೀಗಾಗಿ ಅದನ್ನು ಮರೆಯುವವರೇ ಹೆಚ್ಚು. ಸೊಳ್ಳೆಯಿಂದ ಹರಡುವ ಹಳದಿ ಜ್ವರ (ಯೆಲ್ಲೋ ಫೀವರ್) ಇರುವ ದೇಶಗಳೆಂದು ಭಾರತ ಸರ್ಕಾರ ಮಾಡಿರುವ ಪಟ್ಟಿಯಲ್ಲಿ ಟ್ರಿನಿಡಾಡ್ ಇದೆ. ಅದೇ ದೇಶದ ಇನ್ನೊಂದು ದ್ವೀಪವಾದ ಟೊಬೇಗೊ ಆ ಪಟ್ಟಿಯಲ್ಲಿಲ್ಲ ಎನ್ನುವುದು ನಿಜವಾದರೂ, ಟ್ರಿನಿಡಾಡನ್ನು ಮುಟ್ಟಿ ಬರುವವರಿಗೆ ಅದರಿಂದ ಪ್ರಯೋಜನವಿಲ್ಲ. ಅಲ್ಲಿಂದ ಹೊರಟು ಆರು ದಿನದೊಳಗೆ ಭಾರತದಲ್ಲಿ ಇಳಿಯುವವರ ಬಳಿ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಇರಬೇಕು. ಇಲ್ಲದಿದ್ದರೆ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸುವ ಅಧಿಕಾರ ನಿಲ್ದಾಣದ ಆರೋಗ್ಯಾಧಿಕಾರಿಗೆ ಇದೆ. ಲಸಿಕೆ ಹಾಕಿಸಿಕೊಂಡ ಹತ್ತು ದಿನಗಳ ಮೇಲಷ್ಟೇ ಪ್ರಮಾಣಪತ್ರಕ್ಕೆ ಬೆಲೆ ಬರುತ್ತದೆ. ಒಮ್ಮೆ ಹಾಕಿಸಿಕೊಂಡರೆ ಜೀವಮಾನವಿಡೀ ನಡೆಯುತ್ತದೆ. ಹತ್ತು ವರ್ಷಕ್ಕೊಮ್ಮೆ ಹಾಕಿಸಬೇಕೆಂಬ ಹಳೆಯ ನಿಯಮ 2016ರಲ್ಲಿಯೇ ಹೋಯಿತು.

ಈ ಲಸಿಕೆಯನ್ನು ಎಲ್ಲ ಆಸ್ಪತ್ರೆಗಳಲ್ಲೂ ಕೊಡುವುದಿಲ್ಲ. ಕೇಂದ್ರ ಸರ್ಕಾರ ಮಾನ್ಯ ಮಾಡಿದ ಕೇಂದ್ರಗಳಲ್ಲಿ ಹಾಕಿಸಿಕೊಂಡರೆ ಮಾತ್ರ ಪ್ರಮಾಣಪತ್ರವಾಗಿ ಕೊಡುವ ಹಳದಿ ಬಣ್ಣದ ಪುಸ್ತಕಕ್ಕೆ ಮಾನ್ಯತೆ. ನಮ್ಮ ಕಡೆಯವರು ಸಾಮಾನ್ಯವಾಗಿ ಬೆಂಗಳೂರಿಗೆ ಹೋಗಿ ಹಾಕಿಸಿಕೊಂಡು ಬರುತ್ತಾರೆ. ಮೊದಲೇ ದಿನ ಗೊತ್ತುಮಾಡಿಕೊಂಡು, ಪಾಸ್‌ಪೋರ್ಟ್ ಹಿಡಿದುಕೊಂಡು ಹೋಗಿ. ನಿಮ್ಮಿಬ್ಬರ ವಯಸ್ಸನ್ನು ನೋಡಿ ಒಂದು ಮಾತನ್ನು ಒತ್ತಿ ಹೇಳಬೇಕು. ಇದು ಜೀವಂತ ವೈರಾಣುವನ್ನು ದುರ್ಬಲಗೊಳಿಸಿ ತಯಾರಿಸಿದ ಲಸಿಕೆ. ಅರವತ್ತು ದಾಟಿದವರಿಗೆ, ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧಿ ಸೇವಿಸುವವರಿಗೆ, ಮೊಟ್ಟೆಯ ಅಲರ್ಜಿ ಇರುವವರಿಗೆ ಇದನ್ನು ಹಾಕುವ ಮೊದಲು ವೈದ್ಯರು ಯೋಚಿಸುತ್ತಾರೆ. ಆದ್ದರಿಂದ ಮೊದಲು ನಿಮ್ಮ ವೈದ್ಯರ ಸಲಹೆ, ಆಮೇಲೆ ಲಸಿಕೆ, ಅದಾದ ಮೇಲೆ ಟಿಕೆಟ್. ಬಹುತೇಕ ಮನೆಗಳಲ್ಲಿ ಈ ಕ್ರಮ ತಲೆಕೆಳಗಾಗಿರುತ್ತದೆ.

ಪ್ರಶ್ನೆ: ನಾವು ಲಿಂಗಾಯತರು, ಮೊಟ್ಟೆಯನ್ನೂ ತಿನ್ನುವುದಿಲ್ಲ. ಅಂಥ ಊರಿನಲ್ಲಿ ಹತ್ತು ದಿನ ಬ್ರೆಡ್ಡು ಬಾಳೆಹಣ್ಣಿನಲ್ಲೇ ಕಳೆಯಬೇಕೇ? (ಗೃಹಿಣಿ, ಚಿತ್ರದುರ್ಗ)

ಉತ್ತರ: ಕೆರಿಬಿಯನ್ ದ್ವೀಪಗಳಲ್ಲೆಲ್ಲ ನಿಮಗೆ ಊಟದ ಚಿಂತೆ ತೀರಾ ಕಡಿಮೆ ಇರುವ ಜಾಗ ಇದೇ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. 1845ರ ಮೇ 30ರಂದು ಫತೇಲ್ ರಜಾಕ್ ಎಂಬ ಹಡಗು ಕಲ್ಕತ್ತೆಯಿಂದ ಇನ್ನೂರಕ್ಕೂ ಹೆಚ್ಚು ಕೂಲಿಯಾಳುಗಳನ್ನು ಅಲ್ಲಿ ಇಳಿಸಿತು. 1917ರಲ್ಲಿ ಆ ಕರಾರು ಕೂಲಿ ಪದ್ಧತಿ ನಿಲ್ಲುವ ಹೊತ್ತಿಗೆ ಸುಮಾರು 1,44,000 ಜನ ಕಬ್ಬಿನ ತೋಟಗಳಿಗೆ ಬಂದಿದ್ದರು. ಹೆಚ್ಚಿನವರು ಬಿಹಾರ ಮತ್ತು ಉತ್ತರ ಪ್ರದೇಶದ ಕಡೆಯವರು, ಸ್ವಲ್ಪ ಜನ ಮದರಾಸಿನ ಕಡೆಯವರು. ಇವತ್ತು ಆ ದೇಶದಲ್ಲಿ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಇವರ ಮೊಮ್ಮಕ್ಕಳು, ಮರಿಮಕ್ಕಳು. ಭೋಜಪುರಿ ಮಾತು ಹೆಚ್ಚುಕಡಿಮೆ ಹೋಗಿದೆ, ಎಲ್ಲರ ನಾಲಗೆಯ ಮೇಲೂ ಇಂಗ್ಲಿಷ್. ಅಡುಗೆ ಮಾತ್ರ ಹೋಗಿಲ್ಲ.

ಬೆಳಗಿನ ಉಪಾಹಾರಕ್ಕೆ ರಸ್ತೆ ಬದಿಯಲ್ಲಿ ಡಬಲ್ಸ್ ತಿನ್ನಿ. ಅರಿಶಿನ ಬೆರೆಸಿದ ಮೈದಾ ಹಿಟ್ಟಿನ, ಅಂಗೈಯಗಲದ ಎರಡು ಮೆತ್ತನೆಯ ಪೂರಿಗಳು, ಅವಕ್ಕೆ ಅಲ್ಲಿ ಬಾರಾ ಎನ್ನುತ್ತಾರೆ. ಅವುಗಳ ಮೇಲೆ ಕಡಲೆಕಾಳಿನ ಗಸಿ, ಸೌತೆಕಾಯಿ, ಹುಣಿಸೆ ಅಥವಾ ಮಾವಿನಕಾಯಿ ಚಟ್ನಿ. ಮಾರುವವನು ಎಡ ಅಂಗೈಯಲ್ಲಿ ಕಾಗದ ಹರವಿ, ಬಿಸಿ ಬಟ್ಟೆಯಡಿಯಿಂದ ಬಾರಾಗಳನ್ನು ತೆಗೆದು ಹಾಕಿ, ಒಂದು ಸೌಟು ಕಡಲೆ ಸುರಿದು, ಕಾಗದದ ಎರಡು ತುದಿಗಳನ್ನು ಹಿಡಿದು ಗಾಳಿಯಲ್ಲಿ ಒಮ್ಮೆ ತಿರುಗಿಸಿದನೆಂದರೆ ಪೊಟ್ಟಣ ಕಟ್ಟಿಯಾಯಿತು. ದಾವಣಗೆರೆಯಲ್ಲಿ ಬೆಣ್ಣೆ ದೋಸೆಯ ಕಾವಲಿ ಮುಂದೆ ನಿಂತು ನೋಡುವ ಹಾಗೆ ಅದನ್ನೂ ನಿಂತು ನೋಡಬೇಕು. ಮೊದಲು ಒಂದೇ ಬಾರಾ ಕೊಡುತ್ತಿದ್ದರಂತೆ. 1930ರ ದಶಕದಲ್ಲಿ ಪ್ರಿನ್ಸಸ್ ಟೌನ್ ಎಂಬ ಊರಿನಲ್ಲಿ ಗಿರಾಕಿಗಳು ಎರಡು ಕೇಳತೊಡಗಿದ್ದರಿಂದ ಈ ಹೆಸರು ನಿಂತಿತು ಎನ್ನುತ್ತಾರೆ.

ಮಧ್ಯಾಹ್ನಕ್ಕೆ ರೊಟ್ಟಿ ಅಂಗಡಿಗಳಲ್ಲಿ ದಾಲ್‌ಪುರಿ ಕೇಳಿ. ಬಟಾಣಿ ಬೇಳೆಯನ್ನು ಬೇಯಿಸಿ, ಪುಡಿ ಮಾಡಿ, ಜೀರಿಗೆ ಹಾಕಿ ಕಣಕದೊಳಗೆ ತುಂಬಿ ಲಟ್ಟಿಸಿದ ದೊಡ್ಡ ರೊಟ್ಟಿ ಅದು. ಬೆಲ್ಲವಿಲ್ಲದ ಹೋಳಿಗೆ ಎಂದರೆ ನಿಮಗೆ ಸರಿಯಾಗಿ ಅರ್ಥವಾದೀತು. ಅದರೊಳಗೆ ಆಲೂಗಡ್ಡೆ, ಕುಂಬಳಕಾಯಿ, ಸುಟ್ಟ ಬದನೆಯ ಚೋಖಾ, ಸೊಪ್ಪಿನ ಭಾಜಿ ಹಾಕಿಸಿಕೊಳ್ಳಬಹುದು. ಕೆಸುವಿನ ಎಲೆಗೆ ಬೇಳೆ ಹಿಟ್ಟು ಹಚ್ಚಿ ಕರಿದ ಸಹೀನಾ ನಮ್ಮ ಪತ್ರೊಡೆಯ ದೂರದ ನಂಟ. ಕೆಸುವಿನ ಸೊಪ್ಪು ಮತ್ತು ತೆಂಗಿನ ಹಾಲಿನ ಕಲಲೂ ಎಂಬ ಸಾರು ನೋಡಲು ಸೌಮ್ಯವಾಗಿದ್ದರೂ ಅದರಲ್ಲಿ ಏಡಿ ಹಾಕುವ ರೂಢಿ ಇರುವುದರಿಂದ ಕೇಳದೆ ಮುಟ್ಟಬೇಡಿ. ಒಂದೇ ಸೌಟನ್ನು ಕೋಳಿ ಸಾರಿಗೂ ಕಡಲೆಗೂ ಬಳಸುವ ಅಂಗಡಿಗಳಿವೆ. ಅದು ನಿಮಗೆ ಒಗ್ಗದಿದ್ದರೆ ಕಡಲೆಯನ್ನಷ್ಟೇ ಮಾರುವ ಡಬಲ್ಸ್ ಗಾಡಿಗಳೇ ಕ್ಷೇಮ. ರಸ್ತಾಫಾರಿ ಪಂಥದವರು ನಡೆಸುವ ಅಂಗಡಿಗಳಲ್ಲಿ ಐಟಲ್ ಎಂದು ಬರೆದಿದ್ದರೆ ಅದು ಅವರ ಪಥ್ಯದ ಸಸ್ಯಾಹಾರ.

ಖಾರದ ವಿಷಯಕ್ಕೆ ಬರುತ್ತೇನೆ. "ಪೆಪ್ಪರ್?" ಎಂದು ಮಾರುವವನು ಕೇಳಿದಾಗ, ಬ್ಯಾಡಗಿ ಮೆಣಸಿನಕಾಯಿ ತಿಂದು ಬೆಳೆದ ಧೈರ್ಯದಲ್ಲಿ ತಲೆಯಾಡಿಸಬೇಡಿ. 2012ರಲ್ಲಿ ಜಗತ್ತಿನ ಅತಿ ಖಾರದ ಮೆಣಸಿನಕಾಯಿ ಎಂದು ಗುರುತಿಸಲ್ಪಟ್ಟ ಮೊರೂಗಾ ಸ್ಕಾರ್ಪಿಯನ್ ಆ ದ್ವೀಪದ್ದೇ. "ಸ್ಲೈಟ್" ಎಂದರೆ ಒಂದು ಹನಿ ಹಾಕುತ್ತಾನೆ, ಅಷ್ಟೇ ಸಾಕು.

ಪ್ರಶ್ನೆ: ಕ್ರಿಕೆಟ್ ಹುಚ್ಚಿನವನು ನಾನು. ಕ್ವೀನ್ಸ್ ಪಾರ್ಕ್ ಓವಲ್ ನೋಡುವುದೇ ನನ್ನ ಪ್ರವಾಸದ ಗುರಿ. ಅಲ್ಲಿ ಓಡಾಟ ಹೇಗೆ, ದುಡ್ಡು ಯಾವ ರೂಪದಲ್ಲಿ ಒಯ್ಯಬೇಕು? (ಎಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ)

ಉತ್ತರ: ಒಳ್ಳೆಯ ಗುರಿ. 1976ರ ಏಪ್ರಿಲ್‌ನಲ್ಲಿ ಅದೇ ಮೈದಾನದಲ್ಲಿ 403 ರನ್ನುಗಳನ್ನು ಬೆನ್ನಟ್ಟಿ ಭಾರತ ನಾಲ್ಕು ವಿಕೆಟ್ಟಿಗೆ 406 ಮಾಡಿ ಗೆದ್ದಾಗ, ನಿಮ್ಮ ಊರಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರದ ಭದ್ರಾವತಿಯಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥ್ 112 ರನ್ ಹೊಡೆದಿದ್ದರು. ಗಾವಸ್ಕರ್ 102, ಕೊನೆಯವರೆಗೆ ನಿಂತ ನಮ್ಮ ಬ್ರಿಜೇಶ್ ಪಟೇಲ್ 49. ಮೈದಾನ ಪೋರ್ಟ್ ಆಫ್ ಸ್ಪೇನ್ ನಗರದೊಳಗೇ ಇದೆ. ಪಂದ್ಯವಿಲ್ಲದ ದಿನ ಒಳಗೆ ಬಿಡುತ್ತಾರೋ ಇಲ್ಲವೋ ಎನ್ನುವುದು ಆ ದಿನದ ಕೆಲಸವನ್ನು ಅವಲಂಬಿಸಿದ್ದು. ಕಚೇರಿಯಲ್ಲಿ ವಿನಯದಿಂದ ಕೇಳಿ ನೋಡಿ.

ಓಡಾಟಕ್ಕೆ ಮ್ಯಾಕ್ಸಿ ಟ್ಯಾಕ್ಸಿ ಎಂಬ ಸಣ್ಣ ವ್ಯಾನುಗಳಿವೆ. ನಮ್ಮ ಹಳ್ಳಿಗಳ ಕಡೆ ಓಡುವ ಟೆಂಪೋಗಳಂತೆ ದಾರಿಯಲ್ಲಿ ಹತ್ತಿಸಿಕೊಂಡು ಇಳಿಸುತ್ತಾ ಹೋಗುತ್ತವೆ. ವ್ಯಾನಿನ ಮೈಮೇಲೆ ಬಳಿದ ಪಟ್ಟಿಯ ಬಣ್ಣ ನೋಡಿ ಹತ್ತಬೇಕು. ನಗರದಿಂದ ಪಶ್ಚಿಮಕ್ಕೆ ಹಳದಿ, ಪೂರ್ವಕ್ಕೆ ಕೆಂಪು, ಚಗ್ವಾನಸ್ ಮತ್ತು ಸ್ಯಾನ್ ಫರ್ನಾಂಡೊ ಕಡೆಗೆ ಹಸಿರು. ಬಾಡಿಗೆ ಕಾರುಗಳ ನಂಬರ್ ಪ್ಲೇಟ್ ಎಚ್ ಅಕ್ಷರದಿಂದ ಆರಂಭವಾಗುತ್ತದೆ. ಪಿ ಅಕ್ಷರದ ಖಾಸಗಿ ಕಾರುಗಳೂ ಕದ್ದುಮುಚ್ಚಿ ಬಾಡಿಗೆ ಓಡುತ್ತವೆ, ಹೊಸಬರು ಅವನ್ನು ಹತ್ತಬಾರದು. ಸರ್ಕಾರಿ ಬಸ್ಸಿಗೆ ಟಿಕೆಟ್ಟನ್ನು ಮೊದಲೇ ಕೊಂಡಿರಬೇಕು, ಒಳಗೆ ಕಂಡಕ್ಟರ್ ಇರುವುದಿಲ್ಲ. ವಾಹನಗಳು ನಮ್ಮಂತೆಯೇ ರಸ್ತೆಯ ಎಡಭಾಗದಲ್ಲಿ ಓಡುತ್ತವೆ. ನೀವೇ ಓಡಿಸುವುದಾದರೆ ಆರ್‌ಟಿಒ ಕಚೇರಿಯಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಳ್ಳಿ.

ಅಲ್ಲಿಯ ನಾಣ್ಯ ಟಿಟಿ ಡಾಲರ್. ಒಂದು ಅಮೆರಿಕನ್ ಡಾಲರಿಗೆ ಆರೂ ಮುಕ್ಕಾಲು ಟಿಟಿ ಡಾಲರಿನ ಆಸುಪಾಸು ಹಲವು ವರ್ಷಗಳಿಂದ ನಿಂತಿದೆ. ನಮ್ಮ ರೂಪಾಯಿಯನ್ನು ಅಲ್ಲಿ ಬದಲಿಸಿಕೊಳ್ಳಬಹುದೆಂದು ನೆಚ್ಚಿಕೊಳ್ಳಬೇಡಿ, ಅಮೆರಿಕನ್ ಡಾಲರ್ ಒಯ್ಯಿರಿ. ಆದರೆ ಒಮ್ಮೆಲೇ ಎಲ್ಲವನ್ನೂ ಬದಲಿಸಬಾರದು. ಆ ದೇಶದಲ್ಲಿ ವಿದೇಶಿ ವಿನಿಮಯದ ಅಭಾವವಿರುವುದರಿಂದ ಉಳಿದ ಟಿಟಿ ಡಾಲರನ್ನು ಮತ್ತೆ ಅಮೆರಿಕನ್ ಡಾಲರಾಗಿಸುವುದು ಬಹಳ ಕಷ್ಟ. ಅದು ಹೊರಗೆ ಎಲ್ಲಿಯೂ ಓಡುವುದಿಲ್ಲ. ನನ್ನ ಮೇಜಿನ ಖಾನೆಯಲ್ಲಿ ಇಂದಿಗೂ ಇಪ್ಪತ್ತರ ಎರಡು ನೋಟುಗಳು ಬಿದ್ದಿವೆ.

ಪ್ರಶ್ನೆ: ಅಲ್ಲಿ ಅಪರಾಧ ಹೆಚ್ಚು, ತುರ್ತು ಪರಿಸ್ಥಿತಿ ಇದೆ ಎಂದು ಓದಿದೆ. ಹೆಣ್ಣುಮಕ್ಕಳಿಬ್ಬರೇ ಹೋಗುವುದು ಸರಿಯೇ? (ಬ್ಯಾಂಕ್ ಉದ್ಯೋಗಿ, ಹೊಸದುರ್ಗ)

ಉತ್ತರ: ನೀವು ಓದಿದ್ದು ಸರಿ. ಗುಂಪುಗಳ ನಡುವಿನ ಗುಂಡಿನ ಕಾಳಗದಿಂದ ಕೊಲೆಗಳು ಹೆಚ್ಚಾಗಿ 2024ರ ಡಿಸೆಂಬರ್ ಕೊನೆಯಲ್ಲಿ ಒಮ್ಮೆ, ಸೆರೆಮನೆಯೊಳಗಿಂದಲೇ ಸಂಚು ಹೂಡುತ್ತಿದ್ದ ಅಪರಾಧಿಗಳ ಜಾಲದ ಕಾರಣಕ್ಕೆ 2025ರ ಜುಲೈನಲ್ಲಿ ಮತ್ತೊಮ್ಮೆ ಸರ್ಕಾರ ತುರ್ತು ಪರಿಸ್ಥಿತಿ ಘೋಷಿಸಿತು. ಹೊರಡುವ ವಾರದ ಸ್ಥಿತಿಯನ್ನು ಪೋರ್ಟ್ ಆಫ್ ಸ್ಪೇನ್‌ನಲ್ಲಿರುವ ಭಾರತೀಯ ಹೈಕಮಿಷನ್ನಿನ ಪ್ರಕಟಣೆಗಳಲ್ಲಿ ನೋಡಿಕೊಂಡು ತೀರ್ಮಾನಿಸಿ. ರಾಜಧಾನಿಯ ಲ್ಯಾವೆಂಟಿಲ್, ಬೀಥಮ್, ಸೀ ಲಾಟ್ಸ್ ಬಡಾವಣೆಗಳ ಕಡೆ ಹೋಗಬೇಡಿ. ಹಗಲಿನಲ್ಲಿ ಎಳನೀರು ಕುಡಿಯುತ್ತಾ ಸುತ್ತಾಡಲು ಚೆಂದವಿರುವ ಕ್ವೀನ್ಸ್ ಪಾರ್ಕ್ ಸವಾನಾ ಬಯಲಿನಲ್ಲಿ ಕತ್ತಲಾದ ಮೇಲೆ ನಡೆಯಬಾರದು. ಚಿನ್ನವನ್ನು ಮನೆಯಲ್ಲಿಯೇ ಬಿಟ್ಟುಹೋಗಿ. ಮಾಂಗಲ್ಯ ತೆಗೆಯುವುದಿಲ್ಲ ಎನ್ನುವವರು ಅದನ್ನು ಹತ್ತಿಯ ದಾರಕ್ಕೆ ಪೋಣಿಸಿ ಒಳಗೆ ಹಾಕಿಕೊಳ್ಳಿ. ಇಬ್ಬರೇ ಹೋಗುವವರಾದರೆ, ಮೊದಲ ಸಲ, ಹೋಟೆಲಿನವರು ಗೊತ್ತುಮಾಡಿಕೊಟ್ಟ ಒಬ್ಬನೇ ಚಾಲಕನನ್ನು ಇಡೀ ಪ್ರವಾಸಕ್ಕೆ ಇಟ್ಟುಕೊಳ್ಳುವುದೇ ಮೇಲು ಎಂದು ನನ್ನ ಅಭಿಪ್ರಾಯ. ಖರ್ಚು ಸ್ವಲ್ಪ ಹೆಚ್ಚಾಗುತ್ತದೆ. ಪೊಲೀಸರಿಗೆ 999, ಆಂಬುಲೆನ್ಸಿಗೆ 811.

ಇದರೊಡನೆ ಒಂದು ವಿಚಿತ್ರ ಕಾನೂನನ್ನೂ ತಿಳಿದಿರಿ: ಸೈನಿಕರ ಉಡುಪಿನಂಥ ಹಸಿರು ಮಚ್ಚೆಯ ಬಟ್ಟೆಯನ್ನು ಅಲ್ಲಿ ಸಾಮಾನ್ಯ ಜನ ತೊಡುವಂತಿಲ್ಲ. ಮಕ್ಕಳ ಚಡ್ಡಿ, ಟೋಪಿ, ಕೈಚೀಲಕ್ಕೂ ಇದು ಅನ್ವಯ.

ಪ್ರಶ್ನೆ: ಕಡಲ ತೀರದಲ್ಲಿ ಮಲಗುವುದರಲ್ಲಿ ನಮಗೆ ಆಸಕ್ತಿಯಿಲ್ಲ. ನಾಲ್ಕೈದು ದಿನದಲ್ಲಿ ಬೇರೇನು ನೋಡಬಹುದು? (ಎಣ್ಣೆ ವ್ಯಾಪಾರಿ, ಚಳ್ಳಕೆರೆ)

ಉತ್ತರ: ಹಾಗಿದ್ದರೆ ನೀವು ಸರಿಯಾದ ದ್ವೀಪವನ್ನೇ ಆರಿಸಿಕೊಂಡಿದ್ದೀರಿ. ಮೊದಲು ವಾಟರ್‌ಲೂ ಎಂಬ ಹಳ್ಳಿಯ ಸಮುದ್ರದೊಳಗಿನ ಗುಡಿಗೆ ಹೋಗಿ. ಸಿವದಾಸ್ ಸಾಧು ಎಂಬ ಕಬ್ಬಿನ ಗದ್ದೆಯ ಕೂಲಿಗಾರ 1947ರಲ್ಲಿ ಅಲ್ಲಿಯ ದಡದಲ್ಲಿ ಒಂದು ಸಣ್ಣ ಗುಡಿ ಕಟ್ಟಲು ಆರಂಭಿಸಿದ. ಜಾಗ ಸಕ್ಕರೆ ಕಂಪನಿಯದು ಎಂದು ಅಧಿಕಾರಿಗಳು ಗುಡಿಯನ್ನು ಕೆಡವಿ, ಅವನಿಗೆ ದಂಡ ಹಾಕಿ, ಹದಿನಾಲ್ಕು ದಿನ ಸೆರೆಯಲ್ಲಿಟ್ಟರು. ನೆಲದ ಮೇಲೆ ಜಾಗವಿಲ್ಲವೆಂದಾದರೆ ಸಮುದ್ರ ಯಾರ ಆಸ್ತಿಯೂ ಅಲ್ಲವಲ್ಲ ಎಂದುಕೊಂಡು, ನೀರು ಇಳಿದ ಹೊತ್ತಿನಲ್ಲಿ ಸೈಕಲ್ಲಿನ ಮೇಲೆ ಕಲ್ಲು, ಮರಳು, ಸಿಮೆಂಟು ಹೇರಿಕೊಂಡು ಹೋಗಿ, ಕಬ್ಬಿಣದ ಪೀಪಾಯಿಗಳಿಗೆ ಕಾಂಕ್ರೀಟು ತುಂಬಿ ನೀರಿನೊಳಗೆ ದಾರಿ ಮಾಡಿ, ವರ್ಷಗಟ್ಟಲೆ ಒಬ್ಬನೇ ದುಡಿದು ಗುಡಿ ಕಟ್ಟಿದ. ಭಾರತೀಯರು ಬಂದ 150ನೆಯ ವರ್ಷದ ಸಂದರ್ಭದಲ್ಲಿ ಅದನ್ನು ಸರ್ಕಾರದ ನೆರವಿನಿಂದ ಹೊಸದಾಗಿ ಕಟ್ಟಲಾಯಿತು. ಅಲ್ಲಿಂದ ಸ್ವಲ್ಪವೇ ದೂರದ ಕಾರಪಿಚೈಮಾದಲ್ಲಿ 85 ಅಡಿ ಎತ್ತರದ ಹನುಮಂತನ ಮೂರ್ತಿ ಇದೆ. ಅದನ್ನು ನಿಲ್ಲಿಸಿದ್ದು ನಮ್ಮ ಮೈಸೂರಿನ ಅವಧೂತ ದತ್ತಪೀಠ.

ಲಾ ಬ್ರೇ ಎಂಬಲ್ಲಿ ಡಾಂಬರಿನ ಕೆರೆ ಇದೆ. ಸುಮಾರು 100 ಎಕರೆ ವಿಸ್ತಾರದಲ್ಲಿ ಭೂಮಿಯ ಒಳಗಿಂದ ತಾನಾಗಿಯೇ ಉಕ್ಕಿಬಂದ ಟಾರು. ಇಂಗ್ಲೆಂಡಿನ ನಾವಿಕ ಸರ್ ವಾಲ್ಟರ್ ರ‍್ಯಾಲೆ 1595ರಲ್ಲಿ ಇದನ್ನೇ ತನ್ನ ಹಡಗುಗಳ ಸಂದಿಗಳಿಗೆ ಮೆತ್ತಿಸಿದ್ದ. ಇಂದಿಗೂ ಇಲ್ಲಿಂದ ಅಗೆದ ಡಾಂಬರು ರಸ್ತೆಗಳಿಗಾಗಿ ಹೊರದೇಶಗಳಿಗೆ ಹೋಗುತ್ತದೆ. ದೂರದಿಂದ ನೋಡಿದರೆ ಬಿರುಕುಬಿಟ್ಟ ಬೂದು ಬಣ್ಣದ ಒಣ ಕೆರೆಯಂಗಳ, ಬೇಸಿಗೆಯಲ್ಲಿ ನಿಮ್ಮ ಕಡೆಯ ಯಾವುದೇ ಕೆರೆಯಂತೆ. ಕಾಲಿಟ್ಟರೆ ಮಾತ್ರ ನೆಲ ಮೆಲ್ಲಗೆ ಕುಗ್ಗುತ್ತದೆ, ಗಂಧಕದ ವಾಸನೆ ಮೂಗಿಗೆ ಬಡಿಯುತ್ತದೆ. ನಾನು ಹೋದಾಗ ಒಂದೇ ಜಾಗದಲ್ಲಿ ನಿಂತು ಮಾತಾಡುತ್ತಿದ್ದೆ. ಮಾರ್ಗದರ್ಶಿ ತೋರಿಸಿದ ಮೇಲೆ ನೋಡಿದರೆ ಚಪ್ಪಲಿಯ ಅಂಚಿನವರೆಗೆ ಗುರುತು ಬಿದ್ದಿತ್ತು. ಕೆಲವು ಕಡೆ ಟಾರು ಇನ್ನೂ ಮೆತ್ತಗಿರುವುದರಿಂದ ಮಾರ್ಗದರ್ಶಿ ಇಲ್ಲದೆ ಒಳಗೆ ನಡೆಯಲೇಬಾರದು. ಇದನ್ನು ನೋಡಿ ಬೇಸರಪಟ್ಟು ಬಂದವರೂ ಇದ್ದಾರೆ. ಹೂದೋಟ, ಕಾರಂಜಿ ನಿರೀಕ್ಷಿಸಿದವರು ಅವರು.

ಒಂದು ಸಂಜೆಯನ್ನು ಕರೋನಿ ಜೌಗಿಗೆ ಇಡಿ. ಮಧ್ಯಾಹ್ನ ನಾಲ್ಕರ ಸುಮಾರಿಗೆ ದೋಣಿಗಳು ಹೊರಡುತ್ತವೆ. ಹೊತ್ತು ಮುಳುಗುವಾಗ ಆ ದೇಶದ ರಾಷ್ಟ್ರಪಕ್ಷಿಯಾದ ಕಡುಗೆಂಪು ಐಬಿಸ್ ಹಕ್ಕಿಗಳು ಗುಂಪು ಗುಂಪಾಗಿ ಬಂದು ನಡುಗಡ್ಡೆಯ ಹಸಿರು ಮರಗಳ ಮೇಲೆ ಕೂರುತ್ತವೆ. ಮರಿಗಳಿಗೆ ಈ ಬಣ್ಣವಿರುವುದಿಲ್ಲ. ಏಡಿ, ಸಿಗಡಿಗಳನ್ನು ತಿಂದು ತಿಂದು ಕೆಂಪೇರುತ್ತವೆ. ದೂರ ನಿಲ್ಲಿಸುವುದರಿಂದ ಬೈನಾಕ್ಯುಲರ್ ಒಯ್ಯಿರಿ, ಸೊಳ್ಳೆಯ ಮುಲಾಮನ್ನೂ ಮರೆಯಬೇಡಿ.

ಪ್ರಶ್ನೆ: ಯಾವ ತಿಂಗಳು ಹೋದರೆ ಒಳ್ಳೆಯದು? ಟೊಬೇಗೊ ನೋಡಲೇಬೇಕೇ? (ವಕೀಲರು, ಹಿರಿಯೂರು)

ಉತ್ತರ: ಜನವರಿಯಿಂದ ಮೇವರೆಗೆ ಮಳೆ ಕಡಿಮೆ. ಜೂನ್ ಬಂದರೆ ಡಿಸೆಂಬರಿನವರೆಗೆ ಮಳೆಗಾಲ. ವೆನೆಜುವೆಲಾದ ಪಕ್ಕದಲ್ಲಿ, ಅಷ್ಟು ದಕ್ಷಿಣಕ್ಕೆ ಇರುವುದರಿಂದ ದೊಡ್ಡ ಚಂಡಮಾರುತಗಳು ಟ್ರಿನಿಡಾಡಿನ ಮೇಲೆ ಬರುವುದು ಅಪರೂಪ. ನಿಮ್ಮ ಹಿರಿಯೂರಿನ ಒಣ ಬಿಸಿಲಲ್ಲ ಅದು, ಬೆವರು ಆರದ ಬಿಸಿಲು. ಬೀದಿಯಲ್ಲಿ ವೇಷ ತೊಟ್ಟು ಹಾಡಿ ಕುಣಿಯುವ ಕಾರ್ನಿವಲ್ ಹಬ್ಬ ನೋಡುವ ಆಸೆಯಿದ್ದರೆ 2027ರಲ್ಲಿ ಅದು ಫೆಬ್ರವರಿ 8 ಮತ್ತು 9ರಂದು ಬರುತ್ತದೆ. ಆಗ ಕೊಠಡಿಗಳ ದರ ಹಲವು ಪಟ್ಟು ಏರುತ್ತದೆ, ಅಂಗಡಿ ಕಚೇರಿಗಳು ಮುಚ್ಚಿರುತ್ತವೆ. ಗದ್ದಲ ಬೇಡದವರು ಆ ವಾರವನ್ನು ಬಿಟ್ಟುಬಿಡುವುದೇ ಸರಿ. ದೀಪಾವಳಿಗೆ ಅಲ್ಲಿ ಸರ್ಕಾರಿ ರಜೆ ಉಂಟು. ಚಗ್ವಾನಸ್ ಬಳಿಯ ದಿವಾಲಿ ನಗರದ ಮೇಳವೂ, ಫೆಲಿಸಿಟಿ ಎಂಬ ಹಳ್ಳಿಯ ಮಣ್ಣಿನ ಹಣತೆಗಳ ಸಾಲೂ ಮಳೆಯನ್ನು ಸಹಿಸಿಕೊಂಡಾದರೂ ನೋಡತಕ್ಕವು. ಟೊಬೇಗೊಗೆ ವಿಮಾನದಲ್ಲಿ ಅರ್ಧ ಗಂಟೆಯೂ ಆಗುವುದಿಲ್ಲ, ಹಡಗಿನಲ್ಲಿ ನಾಲ್ಕು ಗಂಟೆಯ ಹತ್ತಿರ. 1776ರಲ್ಲಿಯೇ ಮಳೆ ತಪ್ಪದಿರಲೆಂದು ಕಾನೂನು ಮಾಡಿ ಉಳಿಸಿದ ಕಾಡು ಅಲ್ಲಿದೆ. ಎರಡು ದಿನ ಬಿಡುವಿದ್ದರೆ ಹೋಗಿ, ಇಲ್ಲದಿದ್ದರೆ ಬೇಡ.

ಪ್ರಶ್ನೆ: ಮಗಳ ಮನೆಗೆ ಹೋಗುವಾಗ ಇಲ್ಲಿಂದ ಮಿಕ್ಸರ್ ಒಯ್ಯಬಹುದೇ? ಊರಿಗೆ ಫೋನ್ ಮಾಡಲು ಯಾವ ಹೊತ್ತು ಅನುಕೂಲ? (ಓದುಗರು, ಜಗಳೂರು)

ಉತ್ತರ: ಬೇಡ. ಅಲ್ಲಿಯ ಮನೆಗಳಲ್ಲಿ ಇರುವುದು 115 ವೋಲ್ಟ್, 60 ಹರ್ಟ್ಸ್ ವಿದ್ಯುತ್ತು. ನಮ್ಮ 230 ವೋಲ್ಟಿನ ಮಿಕ್ಸರ್ ಚಟ್ನಿಯನ್ನು ರುಬ್ಬಲಾರದು. ಮೊಬೈಲ್ ಚಾರ್ಜರುಗಳು ಎರಡಕ್ಕೂ ಹೊಂದಿಕೊಳ್ಳುತ್ತವೆ, ಚಪ್ಪಟೆ ಕಡ್ಡಿಯ ಅಮೆರಿಕನ್ ಮಾದರಿಯ ಅಡಾಪ್ಟರ್ ಒಂದನ್ನು ಕೊಂಡುಕೊಳ್ಳಿ. ಹಸಿ ಕರಿಬೇವು, ಬೀಜ, ಗಿಡಗಳನ್ನು ಪೆಟ್ಟಿಗೆಯಲ್ಲಿ ಇಡಬೇಡಿ. ಚಟ್ನಿಪುಡಿಯನ್ನು ಅಂಗಡಿಯಲ್ಲಿ ಸೀಲ್ ಮಾಡಿಸಿ ಒಯ್ದರೆ ತಪಾಸಣೆಯಲ್ಲಿ ವಿವರಿಸುವುದು ಸುಲಭ. ಸಮಯದಲ್ಲಿ ನಾವು ಅವರಿಗಿಂತ ಒಂಬತ್ತೂವರೆ ಗಂಟೆ ಮುಂದಿದ್ದೇವೆ. ಅಲ್ಲಿ ಬೆಳಿಗ್ಗೆ ಏಳಕ್ಕೆ ನೀವು ಕಾಫಿ ಲೋಟ ಹಿಡಿದು ಕೂತಾಗ ಜಗಳೂರಿನಲ್ಲಿ ಸಂಜೆ ನಾಲ್ಕೂವರೆ. ಆಗ ಮಾಡಿ, ಮನೆಯವರು ಎದ್ದಿರುತ್ತಾರೆ.